ನಿನ್ನ ಎರಡು ಗಂಟೆಯೋ, ನನ್ನ ಎರಡು ಗಂಟೆಯೋ?

(ಬೇರೆ ದೇಶಗಳಿಗೆ ಓದಲು ಹೊರಟಿದ್ದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

1909ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಶುರು ಮಾಡುತ್ತೇನೆ. ಹ್ಯಾರಿ ಎಡ್ಮಂಡ್ಸ್ ಅಂತ ಒಬ್ಬರಿದ್ದರು. ವೈಎಂಸಿಎ ಸಂಸ್ಥೆಯಲ್ಲಿ ಕೆಲಸ. ಒಂದು ದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಲೈಬ್ರರಿಯ ಮೆಟ್ಟಿಲ ಮೇಲೆ ಚೀನಾದ ವಿದ್ಯಾರ್ಥಿಯೊಬ್ಬ ಎದುರಾದ. ಇವರು ಸುಮ್ನೆ ‘ಗುಡ್ ಮಾರ್ನಿಂಗ್’ ಅಂದು ಮುಂದೆ ಹೊರಟರು. ಆ ಹುಡುಗ ನಿಂತುಬಿಟ್ಟ. ತಾನು ನ್ಯೂಯಾರ್ಕಿಗೆ ಬಂದು ಮೂರು ವಾರ ಆಯಿತು, ತನ್ನನ್ನು ಮಾತಾಡಿಸಿದವರಲ್ಲಿ ನೀವೇ ಮೊದಲಿಗರು ಅಂತ ಹೇಳಿದ.

ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿಗೆ ಇದನ್ನು ಹೇಳಿದರು. ಇಬ್ಬರೂ ಸೇರಿ ಹೊರದೇಶದ ವಿದ್ಯಾರ್ಥಿಗಳನ್ನು ಭಾನುವಾರ ಮನೆಗೆ ಕರೆಯತೊಡಗಿದರು. ಆ ಕೂಟ ಬೆಳೆಯುತ್ತಾ ಹೋಯಿತು. ಕೊನೆಗೆ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಹಣ ಕೊಟ್ಟರು, 1924ರಲ್ಲಿ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಹೌಸ್ ಎದ್ದು ನಿಂತಿತು. ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಒಂದೇ ಸೂರಿನಡಿ ಇರುವ ಮನೆ ಅದು. ಇವತ್ತಿಗೂ ಇದೆ.

ಕಟ್ಟಡದ ಕತೆ ದೊಡ್ಡದು, ಚೆನ್ನಾಗಿದೆ. ಆದರೆ ನನ್ನ ತಲೆಯಲ್ಲಿ ಉಳಿದುಕೊಂಡಿರುವುದು ಆ ಮೂರು ವಾರ. ಆ ಹುಡುಗ ಕಾಡಿನಲ್ಲಿ ಇರಲಿಲ್ಲ. ಸುತ್ತ ನೂರಾರು ಜನ ಓಡಾಡುತ್ತಿದ್ದರು, ಎಲ್ಲರೂ ಅವನ ವಯಸ್ಸಿನವರೇ. ಇವತ್ತು ಜಗತ್ತಿನಲ್ಲಿ 60 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಬೇರೆ ದೇಶದಲ್ಲಿ ಓದುತ್ತಿದ್ದಾರೆ. ಅವರಲ್ಲಿ ಎಷ್ಟು ಜನಕ್ಕೆ ಅಂಥ ಮೂರು ವಾರ ಆಗಿರಬಹುದು? ನನಗಂತೂ ಎರಡು ವಾರ ಆಗಿತ್ತು. ಅದರಲ್ಲಿ ಅರ್ಧ ತಪ್ಪು ನನ್ನದೇ, ನಾನೂ ಯಾರನ್ನೂ ಮಾತಾಡಿಸಿರಲಿಲ್ಲ.

ನನ್ನ ತರಗತಿಯಲ್ಲಿ ಹನ್ನೊಂದು ದೇಶದವರಿದ್ದರು. ವರ್ಷಕ್ಕೊಂದು ‘ಸಂಸ್ಕೃತಿ ದಿನ’ ನಡೆಯುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಮೇಜು, ಮೇಜಿನ ಮೇಲೆ ಬಾವುಟ, ಹಿಂದೆ ನಿಂತವರ ಮೈಮೇಲೆ ಅವರು ವರ್ಷಪೂರ್ತಿ ಹಾಕದ ಬಟ್ಟೆ. ಎಲ್ಲರೂ ಎಲ್ಲರ ಮೇಜಿಗೂ ಹೋಗಿ ‘ಬಹಳ ಚೆನ್ನಾಗಿದೆ’ ಅನ್ನುತ್ತಿದ್ದೆವು. ಅದರ ಮೇಲೆ ನನಗೇನೂ ಸಿಟ್ಟಿಲ್ಲ, ಫೋಟೋ ಚೆನ್ನಾಗಿ ಬರುತ್ತಿದ್ದವು. ಆದರೆ ನಾನು ಕಲಿತದ್ದು ಯಾವುದೂ ಆ ಮೇಜುಗಳ ಮುಂದೆ ಕಲಿತದ್ದಲ್ಲ. ಗಡಿಯಾರ, ಹಾಜರಿ ಪಟ್ಟಿ, ಮಾರ್ಕ್ಸ್ ಕಾರ್ಡು, ಇಂಥ ಯಾರೂ ‘ಸಂಸ್ಕೃತಿ’ ಅಂತ ಕರೆಯದ ಜಾಗಗಳಲ್ಲಿ ಕಲಿತದ್ದು. ಅದೂ ಎಡವಿ ಬಿದ್ದು.

ಮೊದಲ ಎಡವಟ್ಟು ಗಡಿಯಾರದ್ದು. ಇಥಿಯೋಪಿಯಾದ ಸಹಪಾಠಿಯೊಬ್ಬ ‘ನಾಳೆ ಎರಡು ಗಂಟೆಗೆ ಲೈಬ್ರರಿ ಬಾಗಿಲಲ್ಲಿ ಸಿಗೋಣ’ ಅಂದ. ನಾನು ಮಧ್ಯಾಹ್ನ ಎರಡಕ್ಕೆ ಹೋಗಿ ನಿಂತೆ. ಅವನಿಲ್ಲ. ಮುಕ್ಕಾಲು ಗಂಟೆ ಕಾದು, ಬೈದುಕೊಳ್ಳುತ್ತಾ ರೂಮಿಗೆ ಬಂದೆ. ಸಂಜೆ ಸಿಕ್ಕಾಗ ಅವನ ಮುಖವೂ ನನ್ನಷ್ಟೇ ಊದಿತ್ತು. ಅವನು ಬೆಳಗ್ಗೆ ಎಂಟಕ್ಕೇ ಬಂದು ಕಾದಿದ್ದ. ಅವನು ತನ್ನ ದೇಶದಿಂದ ಬಂದು ಇನ್ನೂ ನಾಲ್ಕು ದಿನ ಆಗಿತ್ತಷ್ಟೆ, ಊರಿನ ಲೆಕ್ಕ ಬಾಯಿಗೆ ಬಂದುಬಿಟ್ಟಿತ್ತು.

ಇಥಿಯೋಪಿಯಾದಲ್ಲಿ ದಿನದ ಎಣಿಕೆ ಶುರುವಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ನಾವು ಬೆಳಗ್ಗೆ ಏಳು ಅನ್ನುವುದು ಅವರಿಗೆ ಒಂದು ಗಂಟೆ. ಎಂಟು ಅಂದರೆ ಎರಡು. ಸಂಜೆ ಆರಕ್ಕೆ ಹನ್ನೆರಡಾಗಿ, ಅಲ್ಲಿಂದ ರಾತ್ರಿಯ ಎಣಿಕೆ ಮತ್ತೆ ಒಂದರಿಂದ. ಕೀನ್ಯಾ, ಟಾಂಜಾನಿಯಾ ಕಡೆಯ ಸ್ವಾಹಿಲಿ ಮಾತಾಡುವವರದೂ ಇದೇ ಲೆಕ್ಕ. ಅವರ ‘ಸಾ ಮೋಜಾ’ ಅಂದರೆ ಪದಕ್ಕೆ ಪದ ‘ಒಂದು ಗಂಟೆ’, ಆದರೆ ಅದು ಬೆಳಗ್ಗೆ ಏಳು. ಇದಕ್ಕೆ ಭೂಮಿಯೂ ಒಪ್ಪುವಂತಿದೆ. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಹಗಲು ಸುಮಾರು ಹನ್ನೆರಡು ಗಂಟೆ, ರಾತ್ರಿ ಹನ್ನೆರಡು ಗಂಟೆ. ಸೂರ್ಯ ಅಲ್ಲಿ ನಂಬಬಹುದಾದ ಗಡಿಯಾರ. ದೂರದ ಉತ್ತರದಲ್ಲಿ, ಬೇಸಿಗೆಯಲ್ಲಿ ಕತ್ತಲೇ ಆಗದ ದೇಶದಲ್ಲಿ, ಹೀಗೆ ಎಣಿಸಲು ಹೊರಟರೆ ಕಷ್ಟ.

ಇದನ್ನೆಲ್ಲ ಹೇಳಿ ಅವನು ಒಂದು ಪ್ರಶ್ನೆ ಕೇಳಿದ. ‘ದಿನ ಬೆಳಗಾದಾಗ ಶುರುವಾಗುತ್ತೆ ಅಲ್ವಾ? ನಿಮ್ಮದು ನಡುರಾತ್ರಿ ಎಲ್ಲರೂ ಮಲಗಿದ್ದಾಗ ಯಾಕೆ ಶುರುವಾಗುತ್ತೆ?’ ನನ್ನ ಬಳಿ ಉತ್ತರ ಇರಲಿಲ್ಲ. ಅಲ್ಲಿಯತನಕ ಅವನ ಗಡಿಯಾರ ವಿಚಿತ್ರ, ನನ್ನದು ಸಹಜ ಅಂದುಕೊಂಡಿದ್ದೆ. ಆಮೇಲೆ ನಾವಿಬ್ಬರೂ ಭೇಟಿಗೆ ಹೊತ್ತು ಗೊತ್ತುಮಾಡುವಾಗಲೆಲ್ಲ ‘ನಿನ್ನ ಎರಡೋ, ನನ್ನ ಎರಡೋ’ ಅಂತ ಕೇಳಿಕೊಳ್ಳುವುದು ರೂಢಿಯಾಯಿತು.

ಅವನ ಕ್ಯಾಲೆಂಡರೂ ಬೇರೆ. ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡಕ್ಕೆ ಮೂವತ್ತು ಮೂವತ್ತು ದಿನ, ಹದಿಮೂರನೆಯದಕ್ಕೆ ಐದೋ ಆರೋ ದಿನ. ಇಸವಿ ನಮ್ಮ ಲೆಕ್ಕಕ್ಕಿಂತ ಏಳೆಂಟು ವರ್ಷ ಹಿಂದೆ. ಜಗತ್ತೆಲ್ಲ 2000ನೇ ಇಸವಿಯ ಗದ್ದಲ ಮುಗಿಸಿ ಮರೆತ ಮೇಲೆ, 2007ರ ಸೆಪ್ಟೆಂಬರ್ 12ರಂದು ಇಥಿಯೋಪಿಯಾ ತನ್ನ 2000ನೇ ವರ್ಷವನ್ನು ಸಂಭ್ರಮದಿಂದ ಬರಮಾಡಿಕೊಂಡಿತು. ಥಾಯ್ಲೆಂಡಿನವಳೊಬ್ಬಳು ಇದಕ್ಕೆ ಉಲ್ಟಾ. ಅವರ ಬೌದ್ಧ ಶಕೆ 543 ವರ್ಷ ಮುಂದೆ. ನಮ್ಮ 2024 ಅವಳಿಗೆ 2567. ಒಂದೇ ಬೆಂಚಿನಲ್ಲಿ ಒಬ್ಬ ಹಿಂದಿನ ದಶಕದವನು, ಒಬ್ಬಳು ಐದು ಶತಮಾನ ಮುಂದಿನವಳು, ನಡುವೆ ನಾನು.

ಕ್ಯಾಲೆಂಡರಿನ ವಿಷಯದಲ್ಲಿ ನನ್ನನ್ನು ನಿಜಕ್ಕೂ ಬೆವರಿಳಿಸಿದವನು ಇರಾನಿನ ಹುಡುಗ. ಅವರ ಹೊಸ ವರ್ಷ ನೌರೂಜ್ ವಸಂತ ವಿಷುವದಂದು, ಅಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ದಿನ, ಮಾರ್ಚ್ 20ರ ಆಚೀಚೆ ಬರುತ್ತದೆ. ಸೂರ್ಯ ಆ ಬಿಂದು ದಾಟುವ ಕ್ಷಣವೇ ಹೊಸ ವರ್ಷದ ಕ್ಷಣ. ಅದು ನಡುಮಧ್ಯಾಹ್ನವಾಗಬಹುದು, ಬೆಳಗಿನ ಜಾವವಾಗಬಹುದು. ಮನೆಯವರೆಲ್ಲ ಆ ಕ್ಷಣಕ್ಕೆ ಕಾದು ಕೂರುತ್ತಾರೆ. ಮೊದಲ ಆರು ತಿಂಗಳಿಗೆ 31 ದಿನ, ಮುಂದಿನ ಐದಕ್ಕೆ 30, ಕೊನೆಯದಕ್ಕೆ 29 ಅಥವಾ 30. ಅಚ್ಚುಕಟ್ಟು. ಇಷ್ಟು ಹೇಳಿ ಅವನು ಕೇಳಿದ, ‘ನಿಮ್ಮ ಫೆಬ್ರವರಿಗೆ ಯಾಕೆ ಇಪ್ಪತ್ತೆಂಟೇ ದಿನ? ವರ್ಷದ ಮಧ್ಯೆ ಎಲ್ಲೋ ಇರೋ ತಿಂಗಳಿಗೆ ಯಾಕೆ ಕತ್ತರಿ?’

‘ಮೊದಲಿಂದಲೂ ಹಾಗೇ’ ಅಂದೆ. ಅಂದಮೇಲೆ ನಾಚಿಕೆಯಾಯಿತು. ಇಷ್ಟು ಹೊತ್ತು ಅವನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದವನು ನಾನು. ಅವನು ಒಂದಕ್ಕೂ ‘ಮೊದಲಿಂದಲೂ ಹಾಗೇ’ ಅಂದಿರಲಿಲ್ಲ. ಹೋಗಿ ಓದಿದೆ. ಹಳೆಯ ರೋಮಿನಲ್ಲಿ ವರ್ಷ ಮಾರ್ಚಿನಿಂದ ಶುರುವಾಗುತ್ತಿತ್ತು, ಫೆಬ್ರವರಿ ಕೊನೆಯ ತಿಂಗಳಾಗಿತ್ತು. ಸೆಪ್ಟೆಂಬರ್ ಅನ್ನುವ ಹೆಸರಿನಲ್ಲಿ ಏಳು ಇದೆ, ಅಕ್ಟೋಬರಿನಲ್ಲಿ ಎಂಟು ಇದೆ. ನಾವು ಅವನ್ನು ಒಂಬತ್ತನೆಯದು, ಹತ್ತನೆಯದು ಅಂತ ಎಣಿಸುತ್ತಾ ಹಾಯಾಗಿದ್ದೇವೆ. ದಿನಾ ನೋಡುವ ಕ್ಯಾಲೆಂಡರ್ ಬಗ್ಗೆ ನನಗೆ ಈ ಪ್ರಶ್ನೆ ಬರಲು ಇರಾನಿನವನೊಬ್ಬ ಪಕ್ಕದಲ್ಲಿ ಕೂರಬೇಕಾಯಿತು.

ಇನ್ನು ಹೆಸರುಗಳು. ನೀವೆಲ್ಲ ಈಗಾಗಲೇ ಅರ್ಜಿ ತುಂಬಿದ್ದೀರಿ. ‘ಮೊದಲ ಹೆಸರು’, ‘ಕೊನೆಯ ಹೆಸರು’ ಅಂತ ಎರಡು ಡಬ್ಬಿ ಇರುತ್ತವಲ್ಲ, ಅವನ್ನು ಮಾಡಿದವರು ಜಗತ್ತಿನ ಎಲ್ಲರಿಗೂ ಎರಡು ಹೆಸರಿರುತ್ತದೆ, ಕೊನೆಯದು ಮನೆತನದ್ದಾಗಿರುತ್ತದೆ ಅಂತ ನಂಬಿದವರು. ಇಂಡೋನೇಷ್ಯಾದ ಗೆಳೆಯನಿಗೆ ಇದ್ದದ್ದು ಒಂದೇ ಹೆಸರು. ಆ ದೇಶದ ಮೊದಲ ಅಧ್ಯಕ್ಷ ಸುಕರ್ನೊ, ಎರಡನೆಯವರು ಸುಹಾರ್ತೊ. ಇಬ್ಬರಿಗೂ ಅಷ್ಟೇ ಹೆಸರು, ಅದರ ಹಿಂದೆ ಮುಂದೆ ಏನೂ ಇಲ್ಲ. ಅಮೆರಿಕದ ವೀಸಾದಲ್ಲಿ ಇಂಥವರ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಚುಟುಕು ರೂಪ. ನನ್ನ ಗೆಳೆಯ ನಮ್ಮ ತರಗತಿಗೆ ಬರುವ ಮೊದಲು ಒಂದು ವರ್ಷ ಅಮೆರಿಕದಲ್ಲಿದ್ದವನು. ಅಲ್ಲಿ ಹಾಜರಿ ಕರೆಯುವಾಗ ಅವನನ್ನು ‘ಫ್ನು’ ಅಂತ ಕೂಗಿದ್ದರಂತೆ. ಎರಡನೇ ವಾರದಿಂದ ಅವನೂ ‘ಯೆಸ್’ ಅನ್ನತೊಡಗಿದ. ‘ವಾದ ಮಾಡೋದಕ್ಕಿಂತ ಅದೇ ಸುಲಭ’ ಅಂತ ನಕ್ಕು ಹೇಳಿದ. ನನಗೆ ನಗು ಬರಲಿಲ್ಲ.

ಮ್ಯಾನ್ಮಾರಿನವಳಿಗೆ ಹೆಸರಿನಲ್ಲಿ ಮೂರು ಪದ, ಆದರೆ ಒಂದೂ ಮನೆತನದ್ದಲ್ಲ. ಬರ್ಮನ್ನರಲ್ಲಿ ಮನೆತನದ ಹೆಸರೇ ಇಲ್ಲ. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದವರು ಊ ಥಾಂಟ್. ಆ ‘ಊ’ ಅವರ ಮೊದಲ ಹೆಸರು ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಅದು ಹೆಸರಲ್ಲ, ಹಿರಿಯರ ಹೆಸರಿಗೆ ಮೊದಲು ಸೇರಿಸುವ ಗೌರವದ ಮಾತು, ನಮ್ಮ ‘ಶ್ರೀ’ ಇದ್ದ ಹಾಗೆ. ಹೆಸರು ಬರೀ ಥಾಂಟ್. ಐಸ್‌ಲೆಂಡಿನಲ್ಲಿ ಕೊನೆಯ ಪದ ಅಪ್ಪನ ಅಥವಾ ಅಮ್ಮನ ಹೆಸರನ್ನು ಹೇಳುತ್ತದೆ ಅಷ್ಟೆ. 1980ರಲ್ಲಿ ಅಲ್ಲಿನ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್ನ್‌ಬೊಗಾದೊತ್ತಿರ್ ಅಂದರೆ ಫಿನ್ನ್‌ಬೊಗಿಯ ಮಗಳು ವಿಗ್ದಿಸ್. ಅಧ್ಯಕ್ಷೆಯಾದರೂ ಜನ ಕರೆಯುವುದು ವಿಗ್ದಿಸ್ ಅಂತಲೇ. ಅಲ್ಲಿನ ಟೆಲಿಫೋನ್ ಡೈರೆಕ್ಟರಿಯಲ್ಲೂ ಮೊದಲ ಹೆಸರಿನ ಅಕ್ಷರದ ಪ್ರಕಾರವೇ ಪಟ್ಟಿ. ಸ್ಪೇನಿನಲ್ಲಿ ಎರಡು ಮನೆತನದ ಹೆಸರು, ರೂಢಿಯಂತೆ ಅಪ್ಪನದು ಮೊದಲು, ಅಮ್ಮನದು ಆಮೇಲೆ. ಪಾಬ್ಲೊ ರೂಯಿಸ್ ಪಿಕಾಸೊ. ನಾವೆಲ್ಲ ಕರೆಯುವ ‘ಪಿಕಾಸೊ’ ಅಮ್ಮನ ಕಡೆಯದು. ಸ್ಪೇನಿನ ಹುಡುಗಿಯೊಬ್ಬಳ ಗುರುತಿನ ಚೀಟಿಯಲ್ಲಿ ಮಧ್ಯದ ಹೆಸರನ್ನು ಹಾರಿಸಿದ್ದರು. ‘ನನ್ನ ಅಪ್ಪನನ್ನೇ ಕಾಣೆ ಮಾಡಿಬಿಟ್ಟರು’ ಅಂತ ಅವಳು ಆಫೀಸಿಗೆ ಮೂರು ಸಲ ಓಡಾಡಿದಳು.

ಯಾರನ್ನಾದರೂ ಪರಿಚಯ ಮಾಡಿಕೊಳ್ಳುವಾಗ ‘ನಿನ್ನ ಸಂಸ್ಕೃತಿ ಬಗ್ಗೆ ಹೇಳು’ ಅಂತ ಕೇಳಬೇಡಿ. ಅದಕ್ಕೆ ಯಾರಿಗೂ ಉತ್ತರ ಬರುವುದಿಲ್ಲ. ‘ನಿನ್ನನ್ನು ಏನಂತ ಕರೀಬೇಕು? ಮನೆಯಲ್ಲಿ ಏನಂತಾರೆ? ಯಾರಿಟ್ಟ ಹೆಸರು?’ ಅಂತ ಕೇಳಿ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಕೊರಿಯಾದವನು ಸಿಕ್ಕ ಐದು ನಿಮಿಷಕ್ಕೇ ನನ್ನ ವಯಸ್ಸು ಕೇಳಿದ. ಇವನಿಗೇಕಪ್ಪ ಅನ್ನಿಸಿತು. ಆಮೇಲೆ ತಿಳಿಯಿತು, ವಯಸ್ಸು ಗೊತ್ತಿಲ್ಲದೆ ಅವರ ಭಾಷೆಯಲ್ಲಿ ವಾಕ್ಯ ಮುಗಿಸುವುದೇ ಕಷ್ಟ. ಕ್ರಿಯಾಪದದ ಕೊನೆ ಬದಲಾಗುತ್ತದೆ, ಕರೆಯುವ ಪದವೂ ಬದಲಾಗುತ್ತದೆ. ಹುಡುಗ ತನಗಿಂತ ದೊಡ್ಡ ಹುಡುಗನನ್ನು ‘ಹ್ಯೊಂಗ್’ ಅನ್ನಬೇಕು, ಹುಡುಗಿ ಅದೇ ದೊಡ್ಡವನನ್ನು ‘ಒಪ್ಪಾ’ ಅನ್ನಬೇಕು. ನಾವೂ ಅಪರಿಚಿತರು ಎದುರಾದಾಗ ನೀನು ಅನ್ನಲೋ ನೀವು ಅನ್ನಲೋ ಅಂತ ಒಂದು ಕ್ಷಣ ತಡವರಿಸುತ್ತೇವೆ ಅಲ್ವಾ? ನಾವು ಮುಖ ನೋಡಿ ಅಂದಾಜು ಹಾಕುತ್ತೇವೆ, ಅವನು ನೇರವಾಗಿ ಕೇಳಿದ. ಅವನದೇ ಪ್ರಾಮಾಣಿಕ ದಾರಿ. ಇನ್ನೊಂದು ತಮಾಷೆ, ಅವನಿಗೇ ತನ್ನ ವಯಸ್ಸು ಎರಡಿತ್ತು. ಕೊರಿಯಾದ ಹಳೆಯ ಲೆಕ್ಕದಲ್ಲಿ ಹುಟ್ಟಿದಾಗಲೇ ಒಂದು ವರ್ಷ, ಪ್ರತಿ ಹೊಸ ವರ್ಷಕ್ಕೆ ಎಲ್ಲರಿಗೂ ಒಟ್ಟಿಗೇ ಇನ್ನೊಂದು. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸಿಗೆ ಮರುದಿನವೇ ಎರಡು ವರ್ಷ! ದಕ್ಷಿಣ ಕೊರಿಯಾ 2023ರ ಜೂನ್ 28ರಿಂದ ಹೆಚ್ಚಿನ ಕಾಗದಪತ್ರಗಳಿಗೆ ಹುಟ್ಟಿದ ದಿನದ ಲೆಕ್ಕವೇ ಅಂತ ಕಾನೂನು ಮಾಡಿತು.

ಸ್ವೀಡನ್ನಿನವರ ಕತೆ ಇದಕ್ಕೆ ಪೂರಾ ಬೇರೆ. ಪ್ರೊಫೆಸರನ್ನು ಹೆಸರು ಹಿಡಿದು, ಏಕವಚನದಲ್ಲಿ ಮಾತಾಡಿಸುತ್ತಾರೆ. ಅದೇನು ಅನಾದಿ ಕಾಲದ್ದಲ್ಲ. ಮೊದಲು ಅಲ್ಲೂ ಹುದ್ದೆ ಹಿಡಿದು ಕರೆಯುವ ಕಟ್ಟುನಿಟ್ಟು ಇತ್ತು. 1967ರಲ್ಲಿ ಬ್ರೂರ್ ರೆಕ್ಸೆಡ್ ಅನ್ನುವ ಅಧಿಕಾರಿ ದೇಶದ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ ಬಂದರು, ಎಲ್ಲ ಸಿಬ್ಬಂದಿಯನ್ನೂ ‘ದು’, ಅಂದರೆ ನೀನು, ಅಂತಲೇ ಮಾತಾಡಿಸುತ್ತೇನೆ ಅಂದರು. ಗಾಳಿ ಆಗಲೇ ಆ ಕಡೆ ಬೀಸುತ್ತಿತ್ತು. ಕೆಲವೇ ವರ್ಷದಲ್ಲಿ ಇಡೀ ದೇಶ ನೀನು ಅನ್ನತೊಡಗಿತು. ಸಂಸ್ಕೃತಿ ಅಂದರೆ ಕಲ್ಲಿನ ಮೇಲೆ ಕೆತ್ತಿದ್ದು ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ನನಗೆ ಮಾತ್ರ ಕೊನೆಯವರೆಗೂ ಮೇಷ್ಟ್ರ ಹೆಸರು ಬಾಯಿಗೆ ಬರಲಿಲ್ಲ. ಹೆಸರೇ ಹೇಳದೆ ‘ಹಲೋ’ ಅಂತ ಕೈಯೆತ್ತಿ ಎರಡು ವರ್ಷ ಕಳೆದೆ.

ಮಾರ್ಕ್ಸ್ ವಿಷಯಕ್ಕೆ ಬರೋಣ, ಇದು ನಿಮಗೆ ಬೇಕಾಗುತ್ತದೆ. ಫ್ರಾನ್ಸಿನ ಹುಡುಗಿ ಒಂದು ದಿನ ತನ್ನ ಹಳೆಯ ಅಂಕಪಟ್ಟಿ ತೋರಿಸಿದಳು. ಇಪ್ಪತ್ತಕ್ಕೆ ಹದಿನಾಲ್ಕು. ನಾನು ‘ಪರವಾಗಿಲ್ಲ ಬಿಡು’ ಅಂತ ಸಮಾಧಾನ ಹೇಳಿದೆ. ಅವಳು ನನ್ನನ್ನೇ ನೋಡಿದಳು. ಫ್ರಾನ್ಸಿನಲ್ಲಿ ಹತ್ತು ಬಂದರೆ ಪಾಸು, ಹದಿನಾಲ್ಕಕ್ಕೆ ‘ಚೆನ್ನಾಗಿದೆ’ ಅನ್ನುವ ದರ್ಜೆ, ಹದಿನಾರಕ್ಕೆ ‘ಬಹಳ ಚೆನ್ನಾಗಿದೆ’. ಇಪ್ಪತ್ತಕ್ಕೆ ಇಪ್ಪತ್ತು ಬರುವುದು ಅಪರೂಪ. ಅವಳು ಹೆಮ್ಮೆಯಿಂದ ತೋರಿಸಿದ್ದಳು, ನಾನು ಸಾಂತ್ವನ ಹೇಳಿದ್ದೆ. ಜರ್ಮನಿಯಲ್ಲಿ ಒಂದು ಅಂದರೆ ಅತ್ಯುತ್ತಮ, ಶಾಲೆಯಲ್ಲಿ ಆರು ಅಂದರೆ ಅತಿ ಕೆಟ್ಟದ್ದು. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರೆ ಆರೇ ಅತ್ಯುತ್ತಮ. ಅಲ್ಲಿ ಬಹಳ ಜನ ಆಡುವುದೂ ಜರ್ಮನ್ನೇ, ಆದರೆ ಸಂಖ್ಯೆ ತಲೆಕೆಳಗು. ಡೆನ್ಮಾರ್ಕಿನಲ್ಲಿ ಅಂಕಗಳು ಮೈನಸ್ 3ರಿಂದ 12ರವರೆಗೆ. ಅಂದರೆ ಖಾಲಿ ಹಾಳೆ ಕೊಟ್ಟವನಿಗೆ ಸೊನ್ನೆಗಿಂತ ಕೆಳಗೂ ಜಾಗ ಇದೆ!

ತಲೆಯಾಡಿಸುವುದರ ಬಗ್ಗೆ ನೀವು ಕೇಳಿರುತ್ತೀರಿ. ಬಲ್ಗೇರಿಯಾದಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ಇಲ್ಲ ಅಂತ, ಅಡ್ಡಡ್ಡ ಆಡಿಸಿದರೆ ಹೌದು ಅಂತ. ಗೊತ್ತಿದ್ದರೂ ನಾನು ‘ಈ ಕುರ್ಚಿ ಖಾಲಿಯಾ?’ ಅಂತ ಕೇಳಿ ಎರಡು ಸಲ ಬೇರೆಯವರ ಕುರ್ಚಿಯಲ್ಲಿ ಕೂತೆ. ಮುಂದೆ ಹೋಗೋಣ.

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೆ ಉಲ್ಟಾ ಹೊಡೆಯುವ ಒಂದು ಅನುಭವ ಹೇಳಲೇಬೇಕು. ಒಂದು ಗುಂಪು ಕೆಲಸಕ್ಕೆ ನಾನು ಮುಖ್ಯಸ್ಥನಾಗಿದ್ದೆ. ಐದು ಜನ. ಕೊನೆಯ ಸಭೆಯಲ್ಲಿ ‘ಯಾರಿಗಾದರೂ ಬೇರೆ ಅಭಿಪ್ರಾಯ ಇದೆಯಾ?’ ಅಂದೆ. ಎಲ್ಲರೂ ಸುಮ್ಮನಿದ್ದರು. ಒಪ್ಪಿಗೆ ಅಂದುಕೊಂಡೆ. ರಾತ್ರಿ ಜಪಾನಿನವಳಿಂದ ಒಂದು ಇಮೇಲ್ ಬಂತು. ನನ್ನ ಲೆಕ್ಕದಲ್ಲಿ ಮೂರು ತಪ್ಪು ತೋರಿಸಿದ್ದಳು, ಮೂರೂ ನಿಜ. ಅಷ್ಟು ಹೊತ್ತಿಗೆ ನಾನು ಅಲ್ಲಿ ಇಲ್ಲಿ ಓದಿ ಜಾಣನಾಗಿದ್ದೆನಲ್ಲ, ಮರುದಿನ ಅವಳ ಹತ್ತಿರ ಹೋಗಿ ‘ನನಗೆ ಅರ್ಥವಾಗುತ್ತೆ, ನಿಮ್ಮಲ್ಲಿ ಎಲ್ಲರೆದುರು ತಪ್ಪು ತೋರಿಸೋದು ಸರಿಯಲ್ಲ ಅಲ್ವಾ’ ಅಂದೆ.

ಅವಳು ನಕ್ಕಳು. ‘ಹಾಗೇನಿಲ್ಲ. ನನ್ನ ತಂಗಿ ಇದ್ದಿದ್ದರೆ ಅಲ್ಲೇ ಮೇಜು ಕುಟ್ಟಿ ಹೇಳಿರೋಳು. ನಾನು ಚಿಕ್ಕಂದಿನಿಂದ ಹೀಗೇ. ಅದೂ ಅಲ್ಲದೆ ನೀನು ಸಭೆಯಲ್ಲಿ ಯಾರಿಗೂ ಬಾಯಿ ಬಿಡೋಕೆ ಬಿಡಲಿಲ್ಲ’ ಅಂದಳು.

ನನ್ನ ತಪ್ಪನ್ನು ನಾನು ಅವಳ ದೇಶದ ತಲೆಗೆ ಕಟ್ಟಿದ್ದೆ. ಸ್ವಲ್ಪ ತಿಳಿದುಕೊಂಡವರಿಗೆ ಬರುವ ರೋಗ ಇದು. ಎದುರಿಗಿರುವ ಮನುಷ್ಯ ಏನು ಮಾಡಿದರೂ ‘ಓ, ಅವರಲ್ಲಿ ಹಾಗೆ’ ಅನ್ನುವುದು. ಗಡಿಯಾರ, ಕ್ಯಾಲೆಂಡರ್, ಮಾರ್ಕ್ಸ್, ಇವು ಒಂದು ದೇಶದ ಎಲ್ಲರಿಗೂ ಒಂದೇ. ಸ್ವಭಾವ ಹಾಗಲ್ಲ. ನೈಜೀರಿಯಾದ ಗೆಳತಿಯೊಬ್ಬಳು ‘ನೈಜೀರಿಯಾದವರು ಹೇಗೆ?’ ಅಂತ ಯಾರಾದರೂ ಕೇಳಿದರೆ ‘ಯಾವ ನೈಜೀರಿಯಾ?’ ಅನ್ನುತ್ತಿದ್ದಳು. ಅಲ್ಲಿ 500ಕ್ಕೂ ಹೆಚ್ಚು ಭಾಷೆಗಳಿವೆ. ಪಕ್ಕದ ರಾಜ್ಯದ ಮದುವೆಗೆ ಹೋದರೆ ಅವಳಿಗೇ ಪಕ್ಕದವರನ್ನು ಕೇಳಿ ತಿಳಿಯಬೇಕಾಗುತ್ತಿತ್ತಂತೆ.

ಸುದ್ದಿಯ ವಿಷಯದಲ್ಲೂ ಹೀಗೇ. ಒಂದು ದೇಶದಲ್ಲಿ ಯುದ್ಧವೋ ಚುನಾವಣೆಯೋ ಆದರೆ ತರಗತಿಯಲ್ಲಿರುವ ಆ ದೇಶದ ಒಬ್ಬನೇ ಹುಡುಗನ ಕಡೆ ಎಲ್ಲರೂ ತಿರುಗುತ್ತಾರೆ. ‘ನಿಮ್ಮ ಸರ್ಕಾರ ಯಾಕೆ ಹೀಗೆ ಮಾಡಿತು?’ ಅವನೇನು ರಾಯಭಾರಿಯೇ? ಮನೆಗೆ ಫೋನ್ ಸಿಗದೆ ರಾತ್ರಿಯಿಡೀ ನಿದ್ದೆಗೆಟ್ಟಿರುತ್ತಾನೆ. ‘ಮನೇಲಿ ಎಲ್ಲ ಹೇಗಿದ್ದಾರೆ?’ ಅಂತ ಮೊದಲು ಕೇಳಿ. ಸರ್ಕಾರದ ಬಗ್ಗೆ ಹೇಳಬೇಕು ಅನ್ನಿಸಿದರೆ ಅವನೇ ಹೇಳುತ್ತಾನೆ.

ಹಾಗಾದರೆ ಪರಿಚಯ ಬೆಳೆಯುವುದು ಹೇಗೆ? ಗಾರ್ಡನ್ ಆಲ್‌ಪೋರ್ಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಬರೆದರು. ಬೇರೆ ಗುಂಪಿನವರನ್ನು ಬರೀ ಒಂದು ಕಡೆ ಸೇರಿಸಿದರೆ ಸಾಲದು. ಇಬ್ಬರ ಸ್ಥಾನವೂ ಸಮ ಇರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಜೊತೆಗೆ ದುಡಿಯಬೇಕು, ಮೇಲಿನವರ ಬೆಂಬಲವೂ ಇರಬೇಕು. 1971ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಎಲಿಯಟ್ ಅರಾನ್ಸನ್ ಇಂಥದ್ದೇ ಒಂದನ್ನು ಮಾಡಿ ತೋರಿಸಿದರು. ಬೇರೆ ಬೇರೆ ಜನಾಂಗದ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ಹಾಕಿದ್ದರು, ಜಗಳವೋ ಜಗಳ. ಅರಾನ್ಸನ್ ಪಾಠವನ್ನು ತುಂಡು ಮಾಡಿ ಗುಂಪಿನ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪಕ್ಕದವನ ಮಾತು ಕೇಳದಿದ್ದರೆ ಪರೀಕ್ಷೆಯಲ್ಲಿ ಆ ಭಾಗವೇ ಇಲ್ಲ. ಅಣಕಿಸುತ್ತಿದ್ದವರು ಕಿವಿಗೊಡತೊಡಗಿದರು. ಇಷ್ಟವಾಗಿ ಅಲ್ಲ, ಬೇಕಾಗಿ. ಇಷ್ಟ ಆಮೇಲೆ ಬಂತು.

ನನಗೂ ಹಾಗೇ ಆಯಿತು. ಹನ್ನೊಂದು ದೇಶದವರಲ್ಲಿ ಇವತ್ತಿಗೂ ಸಂಪರ್ಕದಲ್ಲಿರುವವರು ನಾಲ್ಕು ಜನ. ನಾಲ್ವರೂ ಗುಂಪು ಕೆಲಸದಲ್ಲಿ ಜಗಳ ಆಡಿದವರೇ. ಸಂಸ್ಕೃತಿ ದಿನದ ಮೇಜಿನ ಹಿಂದೆ ನಗುತ್ತಾ ಸಿಕ್ಕವರಲ್ಲಿ ಒಬ್ಬರೂ ಇಲ್ಲ. ಹಾಗಾಗಿ ಗುಂಪು ಕಟ್ಟುವ ದಿನ ದಯವಿಟ್ಟು ನಿಮ್ಮ ಭಾಷೆಯವರನ್ನೇ ಹುಡುಕಿಕೊಂಡು ಹೋಗಬೇಡಿ. ಆಸೆ ಆಗುತ್ತದೆ, ನನಗೂ ಆಗಿತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು, ‘ಸರ್, ಕೇಳಬಾರದ್ದು ಕೇಳಿಬಿಟ್ಟರೆ ಏನು ಮಾಡೋದು?’

ಖಂಡಿತ ಕೇಳಿಬಿಡುತ್ತೀರಿ ಅಂದೆ. ಮ್ಯಾನ್ಮಾರಿನವಳನ್ನು ನಾನು ಪರಿಚಯವಾದ ದಿನವೇ ‘ನಿನ್ನ ಮನೆತನದ ಹೆಸರೇನು?’ ಅಂತ ಕೇಳಿದ್ದೆ. ಇಲ್ಲ ಅಂದಳು. ನಾನು ಬಿಡಲಿಲ್ಲ, ‘ಇಲ್ಲ ಅಂದರೆ ಹೇಗೆ, ಅಪ್ಪನದು ಇರುತ್ತಲ್ಲ?’ ಅಂದೆ. ಅಪ್ಪನಿಗೂ ಇಲ್ಲ ಅಂದಳು. ‘ತಾತನಿಗೆ?’ ಅಂದೆ. ಆಗ ಅವಳು ಪುಸ್ತಕ ಮುಚ್ಚಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, ‘ಕೂತ್ಕೋ, ಮೊದಲಿಂದ ಹೇಳ್ತೀನಿ’ ಅಂದಳು.